ಮಹಾವೀರಣ್ಣನ ಸೊನ್ನೆ

ಒಬ್ಬ ಮನುಷ್ಯ ಇದ್ದಾನೋ ಇಲ್ಲವೋ ಎಂದು ತೀರ್ಮಾನಿಸಲು ನಮ್ಮ ಘೋಡಗೇರಿಯಲ್ಲಿ ಮೊದಲೆಲ್ಲ ಅಂಥ ತೊಂದರೆ ಇರಲಿಲ್ಲ. ಮೂಗಿನ ಮುಂದೆ ಬೆರಳು ಹಿಡಿದರೆ ಗೊತ್ತಾಗುತ್ತಿತ್ತು. ಇನ್ನೂ ಅನುಮಾನ ಉಳಿದರೆ ಚಹಾ ಕುಡಿಯುತ್ತೀಯಾ ಎಂದು ಕೇಳುತ್ತಿದ್ದೆವು. ಇದ್ದವನು ಹೂಂ ಎನ್ನುತ್ತಿದ್ದ. ಎರಡು ಸಾವಿರದ ಒಂದನೆಯ ಇಸವಿಯ ಫೆಬ್ರುವರಿಯಲ್ಲಿ ಕಿರಾಣಿ ಅಂಗಡಿಯ ಮಹಾವೀರಣ್ಣ ಈ ಸರಳ ಪದ್ಧತಿಯನ್ನು ಕೆಡಿಸಿಬಿಟ್ಟ.

ಮಹಾವೀರಣ್ಣನೆಂದರೆ ನಲವತ್ತೆರಡರ ವಯಸ್ಸು, ಎಲುಬಿನ ಮೇಲೆ ನೇರವಾಗಿ ಅಂಗಿ. ಮಾತು ಮಾತ್ರ ಕ್ವಿಂಟಲ್ಲುಗಟ್ಟಲೆ. ಅವನ ಹೆಂಡತಿ ಪದ್ಮವ್ವನ ತಮ್ಮ ಅರಿಹಂತ ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿ. ಬೆಳಗಾವಿಯಲ್ಲಿ ಯಾವುದೋ ನಟ್ಟು-ಬೋಲ್ಟಿನ ಕಾರ್ಖಾನೆ ಬಾಗಿಲು ಹಾಕಿದಾಗ ಅವನು ಅಲ್ಲಿಂದ ಒಂದು ಎಲೆಕ್ಟ್ರಾನಿಕ್ ತೂಕದ ಯಂತ್ರ ತಂದಿದ್ದ. ತನಗೆ ಉಪಯೋಗಕ್ಕೆ ಬರಲಿಲ್ಲವೆಂದು ಅದನ್ನು ಅಕ್ಕನ ಮನೆಗೆ ತಂದಿಳಿಸಿದ. ಮೂರು ಜನ ಒತ್ತಿಕೊಂಡು ನಿಲ್ಲಬಹುದಾದ ಕಬ್ಬಿಣದ ಹಲಗೆ, ಎದೆಮಟ್ಟದ ಕಂಬ, ಕಂಬದ ತುದಿಗೆ ಕೆಂಪು ಅಂಕಿ ಮೂಡುವ ಒಂದು ಪೆಟ್ಟಿಗೆ.

“ದಾಜೀ, ಇದು ಬರೇ ತೂಗೂದಿಲ್ಲ, ಎಣಸತೈತಿ,” ಎಂದ ಅರಿಹಂತ. ಅಕ್ಕನ ಗಂಡನನ್ನು ಆ ಮನೆಯವರು ಮರಾಠಿ ರೂಢಿಯಂತೆ ದಾಜಿ ಎನ್ನುತ್ತಾರೆ. “ಮೊದಲ ಹತ್ತ ಬೋಲ್ಟ ಇದರ ಮ್ಯಾಲ ಇಡಬೇಕು. ಇವು ಹತ್ತ ಅಂತ ಹಸರ ಗುಂಡಿ ಒತ್ತಿ ಹೇಳಬೇಕು. ಮುಂದ ಚೀಲಗಟ್ಲೆ ಸುರವಿದ್ರೂ ಎಷ್ಟ ಅದಾವ ಅಂತ ತಾನ ಹೇಳತೈತಿ.”

“ಅದಕ್ಕ ಹೆಂಗ ಗೊತ್ತಾಗತೈತಿ?”

“ಹತ್ತರ ತೂಕಾ ಹಿಡದು ಒಂದರ ತೂಕಾ...”

ಅಷ್ಟರಲ್ಲಿ ಮಹಾವೀರಣ್ಣ ಓಣಿಗೆ ಸುದ್ದಿ ಹೇಳಲು ಹೊರಟುಹೋಗಿದ್ದ. ಉಳಿದರ್ಧ ವಾಕ್ಯವನ್ನು ಅರಿಹಂತ ನುಂಗಿಕೊಂಡು ಮೂಡಲಗಿಯ ಬಸ್ಸು ಹಿಡಿದ. ಮರುದಿನವೇ ಬೆಲ್ಲದ ಲಾರಿಯೊಡನೆ ಗುಜರಾತಿನ ಕಡೆಗೂ ಹೋಗಿಬಿಟ್ಟ. ಆ ಅರ್ಧ ವಾಕ್ಯ ಊರಿನಲ್ಲಿ ಉಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಹಾವೀರಣ್ಣ ಊರ ಮುಂದೆ ಹತ್ತು ತೆಂಗಿನಕಾಯಿ ಇಟ್ಟು ಗುಂಡಿ ಒತ್ತಿದ. ಆಮೇಲೆ ಚೀಲ ಸುರಿದ. ಪೆಟ್ಟಿಗೆ ಟುಂಯ್ ಎಂದು ಅರವತ್ತನಾಲ್ಕು ತೋರಿಸಿತು. ಮೂವರು ಕೂತು ಎಣಿಸಿದರು, ಅರವತ್ತನಾಲ್ಕೇ. ಹುಕ್ಕೇರಿ ಸಂತೆಯಲ್ಲಿ ಲಿಂಬೆಹಣ್ಣು ಮಾರುವ ಮುದುಕಿ ಸಾವಿತ್ರವ್ವ ತನ್ನ ಬುಟ್ಟಿಯನ್ನೂ ತಂದಿಟ್ಟಳು. ಹತ್ತು ಹಣ್ಣು ತೋರಿಸಿ ಗುಂಡಿ ಒತ್ತಿದ ಮೇಲೆ ಯಂತ್ರ ಇನ್ನೂರಾ ಹನ್ನೆರಡು ಎಂದಿತು. ಸಾವಿತ್ರವ್ವ ತಾನು ಎಣಿಸಿದ್ದು ಇನ್ನೂರಾ ಒಂಬತ್ತು ಎಂದಳು.

“ಆಯಿ, ನಿನಗ ವಯಸ್ಸಾತು. ಇದಕ್ಕ ಕೆಳಗ ಕಣ್ಣ ಐತಿ, ಅದು ತಪ್ಪಂಗಿಲ್ಲ,” ಎಂದ ಮಹಾವೀರಣ್ಣ.

ಸಾವಿತ್ರವ್ವ ಬಗ್ಗಿ ಹಲಗೆಯ ಕೆಳಗೆ ನೋಡಿದಳು. ಬುಟ್ಟಿ ಹೊತ್ತುಕೊಂಡು ಹೋದಳು. ಕಣ್ಣಿನ ಸುದ್ದಿ ಮಾತ್ರ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಅಂದಿನಿಂದ ಆ ಅಂಗಡಿಗೆ ಹೋದವರು ಹಲಗೆಯನ್ನು ಬಳಸಿಕೊಂಡು ನಡೆಯತೊಡಗಿದರು. ಕರೆಂಟು ಹೋದರೂ ಬ್ಯಾಟರಿಯ ಮೇಲೆ ಆ ಕೆಂಪು ಸೊನ್ನೆ ಅಂಗಡಿಯ ಕತ್ತಲೆ ಮೂಲೆಯಲ್ಲಿ ಉರಿಯುತ್ತಲೇ ಇರುತ್ತಿತ್ತು. ಹಲಗೆಯ ಮೇಲೆ ಯಾರೂ ಇಲ್ಲದಾಗಲೂ ಅದು ಯಾರನ್ನೋ ಕಾಯುತ್ತಿರುವಂತೆ ಕಾಣುತ್ತಿತ್ತು. ನಾನು ಧೈರ್ಯವಂತನೇ, ಆದರೂ ಸಕ್ಕರೆ ತರಲು ಮನೆಯ ಹೆಂಗಸರನ್ನು ಕಳಿಸುತ್ತಿದ್ದೆ.

ಅದೇ ಹೊತ್ತಿಗೆ ಜನಗಣತಿ ಬಂತು. ನಮ್ಮ ಭಾಗದ ನೂರಾ ನಲವತ್ತು ಮನೆಗಳು ಗುರುಲಿಂಗಪ್ಪ ಮಾಸ್ತರರ ಪಾಲಿಗೆ ಬಿದ್ದವು. ಮಾಸ್ತರರಿಗೆ ಎರಡು ಕಷ್ಟ. ಒಂದು ಅವರ ಮೊಣಕಾಲು, ಇನ್ನೊಂದು ನಮ್ಮ ರೂಢಿ. ಉಸಿರಾಡುವವರನ್ನು ಬೆರಳು ಮಾಡಿ ಎಣಿಸಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಎಣಿಸಿದರೆ ಒಂದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಹೆಂಗಸರು, “ದೇವರ ಕೊಟ್ಟಷ್ಟ ಅದೇವ್ರಿ,” ಎಂದು ಒಳಗೆ ಹೋಗುತ್ತಿದ್ದರು. ದೇವರು ಎಷ್ಟು ಕೊಟ್ಟಿದ್ದಾನೆಂದು ಬರೆಯಲು ಸರಕಾರದ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಮೂರನೆಯ ದಿನ ಮಾಸ್ತರರು ಮಹಾವೀರಣ್ಣನ ಅಂಗಡಿಯ ಕಟ್ಟೆಗೆ ಕುಳಿತು ಮೊಣಕಾಲು ತಿಕ್ಕಿಕೊಂಡರು.

“ಮಾಸ್ತರ, ಬೆರಳ ಮಾಡಿದ್ರ ದೋಷ. ತೂಗಿದ್ರ?” ಎಂದ ಮಹಾವೀರಣ್ಣ. “ತುಲಾಭಾರ ಮಾಡಂಗಿಲ್ಲೇನ್ರಿ? ಅದು ಪುಣ್ಯೇದ ಕೆಲಸ. ಎಲ್ಲಾರೂ ಬಂದ ಈ ಹಲಗಿ ಮ್ಯಾಲ ನಿಂದ್ರಲಿ. ನನ್ನ ಯಂತ್ರಾ ಎಣಸತೈತಿ, ನೀವು ಕುಂತಲ್ಲೇ ಬರಕೊಳ್ರಿ.”

ಸರಕಾರಿ ಕೆಲಸವನ್ನು ಕುಳಿತಲ್ಲೇ ಮಾಡಬಹುದೆಂಬ ಮಾತು ಮಾಸ್ತರರ ಹೃದಯಕ್ಕೆ ನೇರವಾಗಿ ಇಳಿಯಿತು. ಶಾಲೆಯ ಮಕ್ಕಳನ್ನು ಹಾಜರಿ ಪುಸ್ತಕದಿಂದ ಇಳಿಸಿಕೊಳ್ಳುವುದು, ದೊಡ್ಡವರನ್ನು ಯಂತ್ರಕ್ಕೆ ಹತ್ತಿಸುವುದು ಎಂದಾಯಿತು. “ಆದ್ರ ಇದಕ್ಕ ಮನಷ್ಯಾ ಗುರತ ಸಿಗತಾನೇನ?” ಎಂದು ಅವರು ಕೇಳಿದರು.

“ಮೊದಲ ತೋರಸಬೇಕ್ರಿ, ಇಂಥಾದಕ್ಕ ಮನಷ್ಯಾ ಅಂತಾರ ಅಂತ.”

ಆಗ ಗರಡಿಮನೆಯ ಬೀರಸಿದ್ದಪ್ಪ ತನ್ನಿಬ್ಬರು ಜೋಡಿ ಪೈಲ್ವಾನರೊಡನೆ ಬಾದಾಮಿ ಕೊಳ್ಳಲು ಬಂದಿದ್ದ. ತಲಾ ತೊಂಬತ್ತೆರಡು ಕಿಲೋ. ಕುಸ್ತಿಯ ಕಣದಲ್ಲಿ ಕೂಗಿ ಹೇಳಿದ ತೂಕ, ಊರಿಗೆಲ್ಲ ಬಾಯಿಪಾಠ. ಮೂವರನ್ನೂ ಹಲಗೆಯ ಮೇಲೆ ಒತ್ತಿ ನಿಲ್ಲಿಸಿದರು. ಕಬ್ಬಿಣ ನರಳಿತು. ಮಹಾವೀರಣ್ಣ “ಇವರು ಮೂರ” ಎಂದು ಗಟ್ಟಿಯಾಗಿ ಹೇಳಿ ಗುಂಡಿ ಒತ್ತಿದ. ಟುಂಯ್. ಮೂರು. ಒಬ್ಬ ಇಳಿದ, ಎರಡು. ಇನ್ನೊಬ್ಬ ಇಳಿದ, ಒಂದು. ನೆರೆದವರು ಚಪ್ಪಾಳೆ ತಟ್ಟಿದರು.

“ಯಂತ್ರಕ್ಕ ಈಗ ಮನಷ್ಯಾ ಅಂದ್ರ ಏನಂತ ತಿಳೀತು,” ಎಂದು ಮಹಾವೀರಣ್ಣ ಮೀಸೆಯ ಮೇಲೆ ಕೈ ಆಡಿಸಿದ. ಯಂತ್ರ ಏನೆಂದು ತಿಳಿದುಕೊಂಡಿತು ಎಂದು ಕೇಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ಮೊದಲ ದಿನ ಬಂದವರೆಲ್ಲ ಮೈಕೈ ತುಂಬಿಕೊಂಡ ಜನ. ಪಾಟೀಲರು ಒಂದು, ಹೋಟೆಲಿನ ಸತ್ತೆಪ್ಪ ಒಂದು, ನಾನೂ ಒಂದು. ಎಲ್ಲರೂ ತಾವು ಒಂದು ಎಂದು ಸರಕಾರದ ಸಾಕ್ಷಿಯಲ್ಲಿ ಗೊತ್ತಾದ ಸಂತೋಷದಿಂದ ಮನೆಗೆ ಹೋದೆವು. ಎರಡನೆಯ ದಿನ ಮಧ್ಯಾಹ್ನ ಸಾವಿತ್ರವ್ವ ಹತ್ತಿದಳು.

ಟುಂಯ್ ಎನ್ನಲಿಲ್ಲ. ಪೆಟ್ಟಿಗೆಯಲ್ಲಿ ಸೊನ್ನೆ.

“ಆಯಿ, ನೆಟ್ಟಗ ನಿಂದ್ರ,” ಎಂದರು ಮಾಸ್ತರರು.

“ನಿಂತೇನಲ್ಲೋ.”

“ಪೂರಾ ಹತ್ತೀ?”

“ಇನ್ನೆಷ್ಟ ಹತ್ತಲಿ?” ಸಾವಿತ್ರವ್ವ ಹಲಗೆಯ ಮೇಲೆ ಕಾಲಿನಿಂದ ಕುಟ್ಟಿದಳು. ಸೊನ್ನೆ ಅಲುಗಲಿಲ್ಲ.

ಹಿಂದೆ ನಿಂತಿದ್ದ ಅವಳ ಸೊಸೆ ಉದ್ದವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲರೂ ಮಹಾವೀರಣ್ಣನ ಮುಖ ನೋಡಿದರು. ಯಂತ್ರ ತಪ್ಪಿತು ಎನ್ನಲು ಅವನಿಗೆ ಒಂದೇ ಒಂದು ಕ್ಷಣ ಸಿಕ್ಕಿತ್ತು. ಅವನು ಅದನ್ನು ಉಪಯೋಗಿಸಿಕೊಳ್ಳಲಿಲ್ಲ.

“ಯಂತ್ರಾ ಸುಳ್ಳ ಹೇಳಂಗಿಲ್ಲ,” ಎಂದ. ದನಿ ತಗ್ಗಿಸಿ ಮುಂದುವರಿಸಿದ: “ಒಬ್ಬೊಬ್ಬರು ಹಿಂಗ ಇರತಾರಂತ. ಹೋಗೇ ಬಿಟ್ಟಿರತಾರ. ಹಳೇ ರೂಢಿ ಮ್ಯಾಲ ಅಡ್ಡಾಡಾಕತ್ತಿರತಾರ.”

ಯಾರೂ ನಗಲಿಲ್ಲ. ಸಾವಿತ್ರವ್ವ ಅವನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಬಾದಾಮಿ ಮೆಲ್ಲುತ್ತ ನಿಂತ ಬೀರಸಿದ್ದಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಉಳಿದ ಎರಡು ಹಲ್ಲು ತೋರಿಸಿ ನಕ್ಕಳು. ಇಳಿದು ಹೋಗುವಾಗ ಜನ ತಾವಾಗಿ ದಾರಿ ಬಿಟ್ಟರು.

ಮರುದಿನ ಸಂಜೆಯೊಳಗೆ ಇನ್ನೂ ಹತ್ತು ಹೆಂಗಸರು ಸೊನ್ನೆಯಾದರು. ಹೊಲದ ಹನಮವ್ವ, ದನ ನೋಡುವ ನಂದಾ, ಹೀಗೆ. ಬೆಳಗಿನ ಐದರಿಂದ ಕಾಲು ನಿಲ್ಲದೆ ಓಡಾಡುವವರು. ಅವರು ಓಡಾಡುವುದನ್ನು ದಿನವೂ ಕಣ್ಣಾರೆ ನೋಡುತ್ತಿದ್ದೆವು. ಅದು ಬರೀ ಹಳೆಯ ರೂಢಿ ಎಂದು ಈಗ ತಿಳಿದಾಗ ನಮಗೆ ಮೈ ಜುಮ್ಮೆಂದಿತು.

ಇಲ್ಲದವರ ಕೈಯಿಂದ ನೀರು ಯಾರು ಕುಡಿಯುತ್ತಾರೆ? ಇಲ್ಲದವರು ತಟ್ಟಿದ ರೊಟ್ಟಿ ಯಾರು ತಿನ್ನುತ್ತಾರೆ? ಆ ಹನ್ನೊಂದು ಮನೆಗಳಲ್ಲಿ ಹೆಂಗಸರನ್ನು ಒಲೆಯ ಬಳಿ, ಕೊಟ್ಟಿಗೆಯ ಬಳಿ ಬಿಡಲಿಲ್ಲ. ಬೈಯಲೂ ಧೈರ್ಯವಿಲ್ಲ, ಇಲ್ಲದವರಿಗೆ ಸಿಟ್ಟು ಬಂದರೆ ಏನು ಗತಿ? ಬಿಸಿ ರೊಟ್ಟಿ, ಪಲ್ಯ ತಾಟಿನಲ್ಲಿಟ್ಟು, ಕೈ ಮುಗಿದು, ದೂರ ಸರಿದು ನಿಲ್ಲುತ್ತಿದ್ದರು. ಊಟ ಮುಗಿಸಿ ಅವರು ಒಬ್ಬೊಬ್ಬರಾಗಿ ಬಂದು ಮಹಾವೀರಣ್ಣನ ಅಂಗಡಿಯ ಉದ್ದನೆಯ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಹನ್ನೊಂದು ಸೆರಗು, ಹನ್ನೊಂದು ಸುಮ್ಮನೆ ಬಿದ್ದ ಕೈಜೋಡಿ. ನಮ್ಮೂರ ಹೆಂಗಸರ ಕೈ ಸುಮ್ಮನಿದ್ದದ್ದನ್ನು ನಾನು ಅದಕ್ಕೂ ಮೊದಲು ಹೆಣದ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಅವರ ಹಿಂದೆ ಅಂಗಡಿಯೊಳಗೆ ಕೆಂಪು ಸೊನ್ನೆ.

ಕೊನೆಗೆ ಮಹಾವೀರಣ್ಣ ತಾನೇ ಹತ್ತುವ ದಿನ ಬಂತು. ಯಂತ್ರದ ಯಜಮಾನ ಎಲ್ಲರ ಕೊನೆಗೆ ಹತ್ತಬೇಕೆಂದು ಅವನೇ ಗೊತ್ತುಮಾಡಿಕೊಂಡಿದ್ದ. ಇಸ್ತ್ರಿಯ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ. ಪದ್ಮವ್ವ ಬಾಗಿಲಲ್ಲಿ ನಿಂತಿದ್ದಳು. ಅವನು ಫೋಟೋಕ್ಕೆ ನಿಂತವನಂತೆ ಎದೆ ಉಬ್ಬಿಸಿ ಹಲಗೆ ಹತ್ತಿದ.

ಸೊನ್ನೆ.

ಇಳಿದು ಹತ್ತಿದ. ಸೊನ್ನೆ. ಚಪ್ಪಲಿ ಹಾಕಿಕೊಂಡು ಹತ್ತಿದ. ಸೊನ್ನೆ. ಪೆಟ್ಟಿಗೆಗೆ ಒಂದು ಏಟು ಕೊಟ್ಟ. ಅದು ಒಮ್ಮೆ ಕಣ್ಣು ಮುಚ್ಚಿ ತೆರೆದು ಮತ್ತೆ ಸೊನ್ನೆ ತೋರಿಸಿತು.

“ನೀ ಬಾ ಇಲ್ಲೆ,” ಎಂದು ಪದ್ಮವ್ವನನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡ. ಟುಂಯ್. ಒಂದು.

“ನೋಡ್ರಿ, ನೋಡ್ರಿ!” ಎಂದು ಕುಣಿದು ಕೆಳಗಿಳಿದ. ಹಲಗೆಯ ಮೇಲೆ ಪದ್ಮವ್ವ ಒಬ್ಬಳೇ ಉಳಿದಳು. ಆಗಲೂ ಒಂದು.

“ಅಂವ ಹತ್ತಿದ್ರೂ ಒಂದ, ಇಳದ್ರೂ ಒಂದ,” ಎಂದು ಬೀರಸಿದ್ದಪ್ಪ ಮೆಲ್ಲನೆ ಹೇಳಿದ. ಮೂರು ತಾಲೂಕಿನ ಪೈಲ್ವಾನರನ್ನು ಎತ್ತಿ ಒಗೆದ ಗಂಡಸು ಕೊರಳಿನ ತಾಯಿತವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಮಹಾವೀರಣ್ಣನಿಗೆ ಒಂದು ಉಪಾಯ ಹೊಳೆಯಿತು. ಹೆಂಡತಿಯನ್ನು ಕೆಳಗಿಳಿಸಿ, ಎಣಿಕೆಯ ಗುಂಡಿ ಬಿಟ್ಟು ತೂಕದ ಗುಂಡಿ ಒತ್ತಿ ಹತ್ತಿದ. ನಲವತ್ಮೂರು ಕಿಲೋ ಆರುನೂರು ಗ್ರಾಂ. “ನಾ ಇಲ್ಲಂದ್ರ ಈ ತೂಕಾ ಯಾರದ?” ಎಂದು ಕೂಗಿದ.

“ಹೆಣಕ್ಕೂ ತೂಕಾ ಇರತೈತಲ್ಲರಿ,” ಎಂದ ಬೀರಸಿದ್ದಪ್ಪ. ಆ ಮಾತಿಗೆ ಜನ ತಲೆ ಅಲ್ಲಾಡಿಸಿದರು.

ಪದ್ಮವ್ವ ಹಲಗೆಯ ಪಕ್ಕದಲ್ಲೇ ಕುಸಿದು ಕುಳಿತಳು. “ಹಂಗಾರ ಇಷ್ಟ ವರ್ಷ ನಾ ಯಾರ ಜೋಡಿ ಬಾಳೇವ ಮಾಡಿದ್ನೆ ಯವ್ವಾ?” ಎಂದು ಅತ್ತಳು.

ಮಾಸ್ತರರು ಪುಸ್ತಕ ಮುಚ್ಚಿದರು. ಮಹಾವೀರಣ್ಣ ಅವರ ಕೈ ಹಿಡಿಯಹೋದ, ಅವರು ಕೈ ಹಿಂದಕ್ಕೆಳೆದುಕೊಂಡರು. “ಯಂತ್ರಾ ತಪ್ಪಂಗಿಲ್ಲ ಅಂದವರು ನೀವ,” ಎಂದು ಅವನ ಹೆಗಲ ಮೇಲಿಂದ ಗೋಡೆಯನ್ನು ನೋಡುತ್ತ ಹೇಳಿದರು. “ಇಪ್ಪತ್ತೆಂಟನೇ ತಾರೀಖ ಸಂಜಿಗೆ ಗಣತಿ ಮುಗೀತೈತಿ. ಅಲ್ಲೀತನಕ ಒಂದ ಅಂತ ಬಂದ್ರ ಬರಕೋತೇನಿ. ಇಲ್ಲಂದ್ರ ಮುಂದಿನ ಹತ್ತ ವರ್ಷ ಸರಕಾರದ ಪಾಲಿಗೆ ನೀವಿಲ್ಲ.”

ಇಪ್ಪತ್ತೆಂಟಕ್ಕೆ ಇನ್ನು ಐದು ದಿನ ಉಳಿದಿತ್ತು.

ಆ ಐದು ದಿನ ಮಹಾವೀರಣ್ಣ ಇಲ್ಲದ ಹಾಗೆ ಇರುವುದು ಹೇಗೆಂದು ಕಲಿತ. ಸತ್ತೆಪ್ಪನ ಹೋಟೆಲಿನಲ್ಲಿ ಅವನು ಕುಳಿತ ಬೆಂಚಿಗೆ ನಾಲ್ವರೇ ಇದ್ದಾರೆಂಬಂತೆ ನಾಲ್ಕೇ ಚಹಾ ಬಂದವು. ಐದನೆಯವನು ತಾನೆಂದು ಅವನು ಹೇಳಿದಾಗ ಉಳಿದ ನಾಲ್ವರೂ ಕಪ್ಪು ಬಿಟ್ಟು ಎದ್ದರು. ಅಂಗಡಿಗೆ ಬಂದ ಗಿರಾಕಿ ಅವನ ಎದುರಿಗೇ ನಿಂತು, “ಅಂಗಡ್ಯಾಗ ಯಾರೂ ಇಲ್ಲೇನ?” ಎಂದು ಕೇಳುತ್ತಿದ್ದ. “ನಾ ಅದೇನಲ್ಲರಿ,” ಎಂದರೆ ಗಿರಾಕಿಯ ಚೀಲ ಕೈಯಿಂದ ಜಾರುತ್ತಿತ್ತು. ಸೂರ್ಯ ಮುಳುಗುವ ಮೊದಲು ಉಣ್ಣುವುದು ಆ ಮನೆಯ ಧರ್ಮ. ಪದ್ಮವ್ವ ಕಟ್ಟೆಯ ಮೇಲೆ ತಾಟು ಇಟ್ಟು ಬೆನ್ನು ತಿರುಗಿಸಿ, “ಇಟ್ಟೇನಿ. ತಗೊಳ್ಳೂದ ಆದ್ರ ತಗೊಳ್ರಿ,” ಎಂದು ಗಾಳಿಗೆ ಹೇಳುತ್ತಿದ್ದಳು. ತಿರುಗಿ ನೋಡಿದಾಗ ರೊಟ್ಟಿ ಕರಗಿರುತ್ತಿತ್ತು. ಅದನ್ನು ಕಂಡು ಇನ್ನಷ್ಟು ಹೆದರಿ ಮರುದಿನ ಎರಡು ರೊಟ್ಟಿ ಹೆಚ್ಚಿಗೆ ಇಟ್ಟಳು. ಮಹಾವೀರಣ್ಣ ಮನೆಯಿಂದ ಹೊರಬೀಳುವಾಗಲೆಲ್ಲ ಹೊಸ್ತಿಲಲ್ಲಿ ನಿಂತು ನೆಲದ ಮೇಲೆ ತನ್ನ ನೆರಳು ಬಿದ್ದಿದೆಯೇ ಎಂದು ನೋಡಿಕೊಳ್ಳತೊಡಗಿದ. ಅದನ್ನು ನಾನೇ ಎರಡು ಸಲ ಕಂಡೆ.

ಸುದ್ದಿ ಗೋಕಾಕಕ್ಕೆ ಮುಟ್ಟಿತು. ಅಲ್ಲಿಂದ ಅವನ ಅಕ್ಕ ಬಸ್ಸಿಳಿದವಳು ನಿಲ್ದಾಣದಿಂದಲೇ ಅಳುತ್ತ ಬಂದಳು. ಮಹಾವೀರಣ್ಣ ಓಡಿಹೋಗಿ, “ಅಕ್ಕಾ, ಅಳಬ್ಯಾಡ, ನಾ ಅದೇನಿ!” ಎಂದ.

“ಅಯ್ಯ, ಧ್ವನಿ ಸುದ್ದಾ ಅವಂದ ಐತಲ್ಲೊ ನನ್ನಪ್ಪಾ!” ಎಂದು ಅವಳು ಇಮ್ಮಡಿ ದನಿಯಲ್ಲಿ ಅತ್ತಳು.

ಇಪ್ಪತ್ತಾರಕ್ಕೆ ಹುಕ್ಕೇರಿಯಿಂದ ತೂಕ-ಅಳತೆಯ ಸಾಹೇಬರು ಬಂದರು. ಅಂಗಡಿಗಳ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕುವುದು ಅವರ ಕೆಲಸ. ಯಾವ ವ್ಯಾಪಾರಿಯೂ ಆ ಸಾಹೇಬರನ್ನು ನೋಡಿ ಅಷ್ಟು ಸಂತೋಷಪಟ್ಟಿರಲಿಕ್ಕಿಲ್ಲ. “ಸಾಹೇಬ್ರ, ಇದರಾಗ ಖಂಡಿತ ತಪ್ಪ ಐತ್ರಿ. ಬೇಕಾದ್ರ ದಂಡ ಹಾಕ್ರಿ, ಜಪ್ತಿ ಮಾಡ್ರಿ!” ಎಂದು ಕೈ ಮುಗಿದ.

ಸಾಹೇಬರು ತಮ್ಮ ಇಪ್ಪತ್ತು ಕಿಲೋದ ಕಲ್ಲುಗಳನ್ನು ಒಂದೊಂದಾಗಿ ಹಲಗೆಗೆ ಏರಿಸಿದರು. ಇಪ್ಪತ್ತು. ನಲವತ್ತು. ಅರವತ್ತು. ಎಂಬತ್ತು. ನೂರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. “ಇಷ್ಟ ಖರೇ ತೂಗೂ ಯಂತ್ರಾ ಇಡೀ ತಾಲೂಕಿನ್ಯಾಗ ಇಲ್ಲ,” ಎಂದು ಹೇಳಿ ಮುದ್ರೆ ಒತ್ತಿ, ಕಾಗದ ಬರೆದು, ಕಾಗದವನ್ನು ಪದ್ಮವ್ವನ ಕೈಗೆ ಕೊಟ್ಟರು.

“ಹಂಗಾರ ನಾ ಅದೇನೋ ಇಲ್ಲೋ, ಅದನ್ನರ ಹೇಳಿ ಹೋಗ್ರಿ ಸಾಹೇಬ್ರ!”

ಸಾಹೇಬರು ಕಲ್ಲುಗಳನ್ನು ಗಡಿಬಿಡಿಯಿಂದ ಜೀಪಿಗೆ ತುಂಬಿಸಿದರು. ದಾರಿಯಲ್ಲಿ ಅವರಿಗೂ ಯಾರೋ ವಿಷಯ ಹೇಳಿದ್ದರು. “ತೂಕಾ ಸರಿ ಐತೋ ಇಲ್ಲೋ ನೋಡೂದು ನಮ್ಮ ಇಲಾಖೆ,” ಎಂದು ಜೀಪಿನ ಒಳಗಿನಿಂದ ಹೇಳಿದರು. “ಇರೂದು ಇಲ್ಲದ್ದು ನಮಗ ಬರಂಗಿಲ್ಲ.”

ಇಪ್ಪತ್ತೆಂಟರ ಮಧ್ಯಾಹ್ನ ಮಹಾವೀರಣ್ಣ ಟೊಪ್ಪಿಗೆಯಿಲ್ಲದೆ, ಗಡ್ಡ ಬಿಟ್ಟುಕೊಂಡು ತನ್ನ ಅಂಗಡಿಯ ಕಟ್ಟೆಗೆ ಬಂದ. ಹನ್ನೊಂದು ಹೆಂಗಸರು ಒಂದಿಷ್ಟು ಸರಿದು ಜಾಗ ಕೊಟ್ಟರು. ಅವನು ಸಾಲಿನ ತುದಿಗೆ, ಸಾವಿತ್ರವ್ವನ ಪಕ್ಕಕ್ಕೆ ಕುಳಿತ. ಅದು ಎದುರಿಗಿರುವ ನಮ್ಮ ಮನೆಯ ಜಗಲಿಯಿಂದ ನೋಡುತ್ತಿದ್ದ ನನಗೆ ಹನ್ನೆರಡನೆಯವನನ್ನು ತಮ್ಮೊಳಗೆ ಸೇರಿಸಿಕೊಂಡ ಹಾಗೆ ಕಂಡು ಕೈಕಾಲು ತಣ್ಣಗಾದವು. ಆದರೆ ಕಿವಿ ಚೆನ್ನಾಗಿ ಕೇಳುತ್ತಿತ್ತು.

“ಆಯಿ, ನಿನಗ ಹೆದರಿಕಿ ಆಗಂಗಿಲ್ಲೇನ?” ಎಂದು ಅವನು ಕೇಳಿದ. ಅವನ ಕಣ್ಣು ತುಂಬಿದ್ದವು. “ನಾ ಹೋದದ್ದ ಯಾವಾಗಂತ ಸುದ್ದಾ ನನಗ ನೆನಪಿಲ್ಲ.”

ಸಾವಿತ್ರವ್ವ ಅವನ ತೊಡೆ ಚಿವುಟಿದಳು. ಅವನು ಚೀರಿದ.

“ಹೋದವರು ಚೀರತಾರೇನ ಹುಚ್ಚಪ್ಪಾ? ನಾ ನಲವತ್ತ ವರ್ಷ ಲಿಂಬಿಹಣ್ಣ ಮಾರೇನಿ. ನೂರ ಹಣ್ಣ ಎಣಿಸಿ ಒಂದ ಬುಟ್ಟಿ ತುಂಬೂದು. ಮುಂದ ಹಣ್ಣ ಎಣಸಂಗಿಲ್ಲ, ಬುಟ್ಟಿ ತುಂಬಿದ್ರ ನೂರ. ದೊಡ್ಡ ಹಣ್ಣಿಂದ ಬುಟ್ಟಿ ಗೊತ್ತ ಮಾಡಿ ಅದರಾಗ ಸಣ್ಣ ಹಣ್ಣ ತುಂಬಿದ್ರ ಏನಾಗತೈತಿ? ನೂರೈವತ್ತ ಹಿಡೀತಾವ. ಹೆಸರಿಗೆ ನೂರ. ಐವತ್ತ ಹಣ್ಣ ಇದ್ದೂ ಇಲ್ಲ. ನಿನ್ನ ಯಂತ್ರಾನೂ ಇಷ್ಟ. ಕಣ್ಣೂ ಇಲ್ಲ, ಮೂಗೂ ಇಲ್ಲ. ನೀ ಮೂರ ಪೈಲ್ವಾನರನ್ನ ನಿಂದ್ರಿಸಿ ಮನಷ್ಯಾ ಅಂದ್ರ ಇಷ್ಟ ತೂಕಾ ಅಂತ ಅದಕ್ಕ ಕಲಿಸಿದಿ. ಪೈಲ್ವಾನನ ಅರ್ಧಾನೂ ತೂಗದವರನ್ನ ಅದು ಹೆಂಗ ಒಂದ ಅಂದೀತು?”

ಮಹಾವೀರಣ್ಣ ತೊಡೆ ತಿಕ್ಕಿಕೊಂಡ. “ಇದು ನಿನಗ ಯಾವಾಗ ತಿಳೀತು?”

“ಹತ್ತಿದಾಗನ.”

“ಮತ್ತ ಯಾಕ ಹೇಳಲಿಲ್ಲ?”

“ಯಾಕ ಹೇಳಲಿ?” ಎಂದಳು ಸಾವಿತ್ರವ್ವ. “ಈ ಊರಿಗೆ ಲಗ್ನಾಗಿ ಬಂದ ಐವತ್ತೆರಡ ವರ್ಷಾತು. ಮಧ್ಯಾಹ್ನದಾಗ ಬಿಸಲಿಗೆ ಬೆನ್ನ ಕೊಟ್ಟ ಕುಂತದ್ದು ಈ ವಾರನ. ಬಿಸಿ ರೊಟ್ಟಿ ಉಂಡದ್ದೂ ಈ ವಾರನ. ಇಲ್ಲದಾಕಿಗೆ ನೀರ ತಾ ಅಂತ ಯಾರ ಅಂತಾರ? ಈ ಹನಮಿ ನೋಡು, ಮೂರ ದಿನದಿಂದ ಕೈಯಾನ ಬೊಬ್ಬಿ ಒಣಗ್ಯಾವ.”

ಆ ಸಾಲಿನಿಂದ ಮೊದಲ ಸಲ ದನಿ ಹೊರಟಿತು. ಹತ್ತು ಸೆರಗುಗಳ ಹಿಂದೆ ಹತ್ತು ಹೆಂಗಸರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಷ್ಟು ದಿನದ ಮೌನಕ್ಕಿಂತ ನನಗೆ ಆ ನಗುವೇ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿಟಕಿ ಮಾತ್ರ ತೆರೆದಿಟ್ಟೆ.

“ಈಗ ಹೋಗಿ ಮಾಸ್ತರಿಗೆ ಎಲ್ಲಾ ಹೇಳತೇನಿ!” ಎಂದು ಮಹಾವೀರಣ್ಣ ಎದ್ದ.

ಸಾವಿತ್ರವ್ವ ಅವನ ಅಂಗಿ ಹಿಡಿದು ಕೂಡಿಸಿದಳು. “ನಿನಗ ಬೇಕಾಗೇತಿ, ನೀ ಎಣಿಸಿಕೋ. ನಮ್ಮ ಸುದ್ದಿ ತಗೀಬ್ಯಾಡ. ಪೈಲ್ವಾನಂದು ತೊಂಬತ್ತೆರಡ, ಅದರ ಅರ್ಧಾ ನಲವತ್ತಾರ. ನಿಂದು ನಲವತ್ಮೂರೂವರಿ ಚಿಲ್ಲರ. ಎರಡೂವರಿ ಕಿಲೋ ಕಡಿಮಿ. ಮೂರ ಚರಿಗಿ ನೀರ ಕುಡದ ಹತ್ತ.”

ಸಂಜೆ ಐದಕ್ಕೆ ಮಾಸ್ತರರು ಪುಸ್ತಕ ಮುಗಿಸಲು ಬಂದರು. ಊರೂ ಬಂತು. ಮಹಾವೀರಣ್ಣ ಮನೆಯೊಳಗಿನಿಂದ ಕೂಗಿದ: “ಪದ್ಮಾ, ಮೂರ ಚರಿಗಿ ನೀರ ಕೊಡ.” ಪದ್ಮವ್ವ ಮುಖ ತಿರುಗಿಸಿಕೊಂಡೇ ನೀರು ಚಾಚಿದಳು. ಒಂದು ಚರಿಗೆ ಹೋಯಿತು. ಎರಡು ಹೋಯಿತು. ಮೂರನೆಯದರ ಕೊನೆಯ ಗುಟುಕಿಗೆ ಅವನ ಕಣ್ಣುಗುಡ್ಡೆಗಳು ಹೊರಬಂದಂತಾದವು. ಹೊಟ್ಟೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದು ಹಲಗೆ ಹತ್ತಿದ.

ಸೊನ್ನೆ. ಒಂದು. ಸೊನ್ನೆ.

ಅವನು ಒಂದಿಷ್ಟು ಅಲುಗಿದರೆ ಒಂದು ಮೂಡುತ್ತಿತ್ತು, ನಿಂತರೆ ಅಳಿಸಿಹೋಗುತ್ತಿತ್ತು. ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವಿನ ಗೆರೆಯ ಮೇಲೆ ನಮ್ಮೂರ ಕಿರಾಣಿ ವ್ಯಾಪಾರಿ ತೂಗಾಡುವುದನ್ನು ನಾವು ಕಣ್ಣಾರೆ ಕಂಡೆವು. “ಇನ್ನೊಂದ ಗುಟಕ!” ಎಂದು ಅವನು ನರಳಿದ. ಪದ್ಮವ್ವ ಓಡಿಬಂದು ತಂಬಿಗೆಯನ್ನು ಅವನ ಬಾಯಿಗೆ ಹಿಡಿದಳು. ಐದು ದಿನದಲ್ಲಿ ಮೊದಲ ಸಲ ಅವನ ಮುಖ ನೋಡಿದಳು.

ಟುಂಯ್. ಒಂದು. ನಿಂತಿತು.

“ಬಂದ್ರು! ನಮ್ಮನಿಯವರು ಬಂದ್ರು!” ಎಂದು ಪದ್ಮವ್ವ ಕೂಗಿದಳು. ಗೋಕಾಕದ ಅಕ್ಕ ಅಳುವುದನ್ನು ನಿಲ್ಲಿಸದೆ ಕಾರಣ ಮಾತ್ರ ಬದಲಿಸಿಕೊಂಡಳು.

“ಬರಿಯೂದು ಮುಗಿಯೂತನಕ ಇಳೀಬ್ಯಾಡ್ರಿ, ಅಂಕಿ ಇರಬೇಕು,” ಎಂದು ಮಾಸ್ತರರು ಹಾಳೆ ತೆರೆದರು. ಅದರಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಪ್ರಶ್ನೆಗಳಿದ್ದವು. ಮೂರು ಚರಿಗೆ ನೀರು ತನ್ನ ಮುಂದಿನ ದಾರಿ ಹುಡುಕತೊಡಗಿತ್ತು.

“ವಯಸ್ಸು?”

“ನಲವತ್ತೆರಡ. ಲಗೂ ಬರೀರಿ ಮಾಸ್ತರ.”

“ಮಾತೃಭಾಷೆ ಬಿಟ್ಟು ಬರೂ ಬ್ಯಾರೆ ಭಾಷೆ?” ಬೇರೆ ದಿನವಾಗಿದ್ದರೆ ಮಹಾವೀರಣ್ಣ ಮರಾಠಿಯಿಂದ ಹಿಡಿದು ಆರು ಭಾಷೆ ಹೇಳುತ್ತಿದ್ದ.

“ಯಾವದೂ ಬರಂಗಿಲ್ರಿ! ಮುಂದ!”

“ಮನಿಯಿಂದ ಕೆಲಸದ ಜಾಗಾಕ್ಕ ಎಷ್ಟ ದೂರ?”

“ಅಂಗಡಿ ಮನ್ಯಾಗ ಐತಲ್ಲರಿ!”

“ಸೊನ್ನೆ,” ಎಂದು ಮಾಸ್ತರರು ಗಟ್ಟಿಯಾಗಿ ಹೇಳಿ ಬರೆದುಕೊಂಡರು. ಜನ ಹೌಹಾರಿ ಹಿಂದೆ ಸರಿದರು. ಬೀರಸಿದ್ದಪ್ಪ ಕಣ್ಣು ಮುಚ್ಚಿಕೊಂಡ. ಅದು ಬರೀ ದೂರ ಎಂದು ತಿಳಿಹೇಳಲು ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷ ಮಹಾವೀರಣ್ಣ ಒಂಟಿಕಾಲಿನ ಮೇಲೆ ಕಳೆದ. ಸಹಿ ಬಿದ್ದದ್ದೇ ತಡ, ಅಂಗಡಿಯ ಹಿಂದಿನ ಬೇಲಿಗೆ ಹಾರಿಹೋದ.

ಅವನು ತಿರುಗಿ ಬರುವಾಗ ನಡೆಯುವ ರೀತಿಯೇ ಬೇರೆಯಾಗಿತ್ತು. ಬೀರಸಿದ್ದಪ್ಪ ಅವನನ್ನು ತಬ್ಬಿಕೊಂಡು ನೆಲದಿಂದ ಎತ್ತಿದ. ಸತ್ತೆಪ್ಪ ಚಹಾ ತರಿಸಿದ. ಊರಿನ ಕಣ್ಣು ಆಗ ಕಟ್ಟೆಯ ಮೇಲಿನ ಹನ್ನೊಂದು ಜನರ ಮೇಲೆ ಬಿತ್ತು. ದನ ಕರೆಯುವ ಹೊತ್ತು. ಐದಾರು ದಿನದಿಂದ ಸಗಣಿ ಬಿದ್ದಲ್ಲೇ ಬಿದ್ದಿತ್ತು, ಗಂಡಸರು ಬೇಯಿಸಿದ ಅನ್ನ ತಿಂದು ಮಕ್ಕಳಿಗೆ ಹೊಟ್ಟೆನೋವು.

“ಇವರೂ ಹಂಗ ಹೊಳ್ಳಿ ಬರಬಹುದಲ್ಲರಿ ಮಾಸ್ತರ? ಒಂದ ಸಲ ಹತ್ತಿಸಿ ನೋಡೂನು,” ಎಂದ ಹನಮವ್ವನ ಗಂಡ. ಉಳಿದ ಗಂಡಂದಿರು ಹೂಂಗುಟ್ಟಿದರು.

ಹೆಂಗಸರು ಏಳಲಿಲ್ಲ. ಹನ್ನೊಂದು ಜನರೂ ಮಹಾವೀರಣ್ಣನನ್ನೇ ನೋಡುತ್ತಿದ್ದರು. ಒಂದು ಮಾತಿನಲ್ಲಿ ಅವನು ಯಂತ್ರದ ಗುಟ್ಟು ಹೇಳಿಬಿಡಬಹುದಿತ್ತು. ಹೇಳಿದ್ದರೆ ಊರಿಗೆ ಬುದ್ಧಿವಂತನಾಗುತ್ತಿದ್ದ. ಅವನಿಗೆ ಬುದ್ಧಿವಂತನಾಗುವ ಆಸೆ ಎಷ್ಟಿತ್ತೆಂದು ನಿಮಗೂ ಗೊತ್ತು.

ಅವನು ಗೋಣಿಚೀಲ ತಂದು ಯಂತ್ರದ ಪೆಟ್ಟಿಗೆಗೆ ಹೊದಿಸಿದ.

“ಇವತ್ತ ಬ್ಯಾಡ್ರಿ. ಯಂತ್ರಾ ದಣದೈತಿ,” ಎಂದ. “ಮಾಸ್ತರ, ಬಿಟ್ಟವರನ್ನ ಸೇರಿಸಾಕ ಇನ್ನಾ ಟೈಮ ಐತಲ್ಲ?”

“ಮಾರ್ಚ್ ಐದನೇ ತಾರೀಖಿನ ತನಕ ತಿದ್ದಬಹುದು,” ಎಂದರು ಮಾಸ್ತರರು.

“ಹಂಗಾರ ಐದಕ್ಕ ಹತ್ತಿಸೂನು.”

ಗಂಡಸರು ಗೊಣಗುತ್ತ ಕೊಡ, ಬುಟ್ಟಿ ಹುಡುಕಲು ಮನೆಗಳಿಗೆ ಹೋದರು. ಜನ ಕರಗಿದರು. ಸಾವಿತ್ರವ್ವ ಇಳಿಬಿಸಿಲು ಬಿದ್ದ ಕಡೆಗೆ ಬೆನ್ನು ಹೊರಳಿಸಿ ಕುಳಿತಳು.

“ತಮ್ಮಾ, ಐದಕ್ಕ ಯಾಕ ಅಂದ್ಯೋ?” ಎಂದಳು. “ಹತ್ತ ವರ್ಷ ಬಿಟ್ಟ ಮತ್ತ ಎಣಸಾಕ ಬರತಾರಂತಲ್ಲ. ಆವಾಗ ಅನ್ನಬೇಕಿತ್ತು.”

ಅಷ್ಟರಲ್ಲಿ ಒಳಗಿನಿಂದ ಪದ್ಮವ್ವನ ದನಿ ಬಂತು. ಈ ಸಲ ಅದು ಗಾಳಿಗೆ ಹೇಳಿದ್ದಾಗಿರಲಿಲ್ಲ.

“ಏನ್ರಿ, ಈಗ ಇದ್ದೀರಲ್ಲ? ಹಂಗಾರ ಎರಡ ಕೊಡಾ ನೀರ ತರ್ರಿ.”

ಮಹಾವೀರಣ್ಣ ಕೊಡಗಳನ್ನು ಎತ್ತಿಕೊಂಡು ಹೊಳೆಯ ದಾರಿ ಹಿಡಿದ.